ನಾಲ್ಕು ದನ, ಐದು ಜನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಗೋಬರ್ ಗ್ಯಾಸ್ ಗುಂಡಿಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದೆ. ಆಗ ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಸರ್ಕಾರದ ಸಹಾಯಧನದಲ್ಲಿ ಕಟ್ಟಿದ ಗುಂಡಿಗಳು ಬೇರೆ ಎಷ್ಟೋ ಕಡೆ ಹಾಳುಬಿದ್ದಿರುವಾಗ ಇಲ್ಲಿ ಮಾತ್ರ ಯಾಕೆ ಉರಿಯುತ್ತಿವೆ ಎಂಬುದು ನನ್ನ ಪ್ರಬಂಧದ ಪ್ರಶ್ನೆ. ಬನವಾಸಿ ಕಡೆಯ ಒಕ್ಕಲು ಮನೆಯವಳಾದ್ದರಿಂದ ನನಗೆ ಸಗಣಿಯೆಂದರೆ ಹೇಸಿಗೆ ಇರಲಿಲ್ಲ. ಈ ವಿಷಯ ಸಿಕ್ಕಿದ್ದು ಅದೊಂದೇ ಅರ್ಹತೆಯ ಮೇಲೆ ಎಂದು ಹಾಸ್ಟೆಲಿನ ಗೆಳತಿಯರು ಚುಡಾಯಿಸುತ್ತಿದ್ದರು.

ಮಾರ್ಗದರ್ಶಕರು ಹೊರಡುವ ಮೊದಲು ಎರಡು ಮಾತು ಹೇಳಿದ್ದರು. ಒಂದು, "ಫಾರ್ಮಿನಾಗ ಹೆಸರು ಬರೀಬ್ಯಾಡ್ರಿ. ಮನಿಗೊಂದು ನಂಬರ್ ಹಾಕ್ರಿ, ಸಾಕು." ಇನ್ನೊಂದು, "ಜನರ ಕಡೆಯಿಂದ ತಗೊಂಡಿದ್ದನ್ನ ಥೀಸಿಸ್ ಕೊಡೂಕಿಂತ ಮೊದಲ ಜನರ ಮುಂದ ಇಡ್ರಿ." ಎರಡೂ ಒಳ್ಳೆಯ ಮಾತೇ. ಎರಡನ್ನೂ ಒಟ್ಟಿಗೆ ಪಾಲಿಸಿದರೆ ಏನಾದೀತು ಎಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಫಾರ್ಮಿನ ಮೊದಲ ಪುಟದಲ್ಲೇ ಕುಟುಂಬ ಎಂದರೇನೆಂದು ಅಚ್ಚಾಗಿತ್ತು: ಒಂದೇ ಒಲೆಯ ಅಡಿಗೆ ಉಣ್ಣುವವರು. ಜಗಲಿಯಲ್ಲಿ ಕೂತು ಯಜಮಾನರನ್ನು ಪ್ರಶ್ನೆ ಕೇಳುವುದು, ಅವರು ಒಳಗೆ ತಿರುಗಿ ಕೂಗಿ ಕೇಳುವುದು, ಉತ್ತರ ಅಡಿಗೆಮನೆಯಿಂದ ಬರುವುದು, ಹೀಗೆ ಒಂದು ವಾರ ಕಳೆಯಿತು. ಆಮೇಲೆ ನಾನು ಜಗಲಿ ಬಿಟ್ಟು ನೇರವಾಗಿ ಅಡಿಗೆಮನೆಯ ಹೊಸ್ತಿಲಿಗೇ ಹೋಗಿ ಕೂರತೊಡಗಿದೆ. ಕೆಲವು ಮನೆಗಳಲ್ಲಿ ಹೊಸ್ತಿಲಿನಿಂದ ಒಳಗೆ ಮಡಿ. ನಾನೂ ದಾಟುತ್ತಿರಲಿಲ್ಲ, ಅವರೂ ಕರೆಯುತ್ತಿರಲಿಲ್ಲ.

ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಆಚೆಯ ಒಂದು ಕೇರಿಯ ಮನೆ ನನ್ನ ಲೆಕ್ಕಕ್ಕೇ ಸಿಗಲಿಲ್ಲ. ಇದ್ದದ್ದು ನಾಲ್ಕು ದನ, ಐದು ಜನ. ಅಷ್ಟು ಸಗಣಿಗೆ ಮಧ್ಯಾಹ್ನದ ಅನ್ನ ಆಗುವಷ್ಟರಲ್ಲಿ ಒಲೆ ಆರಬೇಕು. ಅಲ್ಲಿ ಸಂಜೆಯವರೆಗೂ ನೀಲಿಯಾಗಿ ಉರಿಯುತ್ತಿತ್ತು. ಆ ಮನೆಯ, ಎಪ್ಪತ್ತು ದಾಟಿದ ಅತ್ತೆಗೆ ಇದು ದೊಡ್ಡ ಹೆಮ್ಮೆ. "ಯಂಗ್ಳ ದನದ ಸಗಣಿನೇ ಹಂಗೆ" ಎನ್ನುತ್ತಿದ್ದರು. ಮಿಂದು, ಮಡಿಯುಟ್ಟು ಮಾಡಿದ ಅಡಿಗೆಯನ್ನಲ್ಲದೆ ಅವರು ಬೇರೆ ಏನನ್ನೂ ಮುಟ್ಟುವವರಲ್ಲ. ಗ್ಯಾಸನ್ನು ಒಪ್ಪಿದ್ದೂ ಅದು ಗೋವಿನದೆಂಬ ಕಾರಣಕ್ಕೆ.

ಗುಂಡಿ ತೋರಿಸಲು ಹಿತ್ತಲಿಗೆ ಕರೆದೊಯ್ದವರು ಸೊಸೆ. ನನಗಿಂತ ಆರೇಳು ವರ್ಷ ದೊಡ್ಡವರು. ಅಲ್ಲಿಯತನಕ ನನ್ನೊಡನೆ ಪೇಟೆಯ ಕನ್ನಡ ಆಡಿದ್ದವರು ಅಲ್ಲಿ ಮನೆಮಾತಿಗೆ ಇಳಿದರು. ಪಾಯಿಖಾನೆಯ ಕಡೆಯಿಂದ ಗುಂಡಿಗೆ ಬಂದು ಸೇರಿದ್ದ, ಅರ್ಧ ಮಣ್ಣು ಮುಚ್ಚಿದ ಪೈಪನ್ನು ಕಾಲಿನಿಂದ ತೋರಿಸಿದರು. ದನ ಕಮ್ಮಿಯಾಗಿ ಗ್ಯಾಸು ಸಾಲದಾದಾಗ, ಅತ್ತೆ ಚಾತುರ್ಮಾಸ್ಯಕ್ಕೆಂದು ಸ್ವರ್ಣವಲ್ಲಿ ಮಠಕ್ಕೆ ಹೋಗಿ ನಾಲ್ಕು ದಿನ ಉಳಿದಿದ್ದ ಹೊತ್ತು ನೋಡಿ ಗಂಡ ಹೆಂಡತಿ ಗಾರೆಯವನಿಂದ ಮಾಡಿಸಿದ ಕೆಲಸ ಅದು.

"ಇವ್ರಿಗೆ, ಯಂಗೆ, ಗೌಂಡಿಗೆ ಗೊತ್ತಿದ್ದು, ಅಷ್ಟೇಯ. ಅತ್ತೆಗೆ ಗೊತ್ತಾದ್ರೆ ಯನ್ನ ಕೈ ಊಟ ಅವತ್ತಿಗೇ ಬಂದ್. ಬರೆಯಡ ತಂಗಿ."

ಬರೆಯಬೇಡ ಎಂದು ಅವರು ಬೇಡಿದ್ದಕ್ಕೆ ನಾನು, "ಹೆಸರು ಇರೂದಿಲ್ರೀ ಅಕ್ಕಾರ. ಬರೇ ನಂಬರ್. ಯಾರಿಗೂ ತಿಳಿಯಂಗಿಲ್ಲ" ಎಂದೆ. ಅವರು ನಂಬಿದರು. ನಾನು 'ಪಾಯಿಖಾನೆ ಜೋಡಣೆ' ಎಂಬ ಕಾಲಮ್ಮಿನಲ್ಲಿ 'ಹೌದು' ಎಂದು ಬರೆದುಕೊಂಡೆ. ಕೂಡದಿದ್ದ ಲೆಕ್ಕ ಕೂಡಿತ್ತು. ಬಸ್ಸಿನಲ್ಲಿ ಶಿರಸಿಯವರೆಗೂ ಅದೇ ಖುಷಿಯಲ್ಲಿದ್ದೆ.

ಮರುವರ್ಷ ಅದೇ ಕೇರಿಯ ಶಾಲೆಯಲ್ಲಿ ಸಭೆ ಸೇರಿಸಿದೆ. ನಾಲ್ಕು ದೊಡ್ಡ ಹಾಳೆಗಳ ಮೇಲೆ ಬಣ್ಣದ ಪೆನ್ನಿನಲ್ಲಿ ಕೋಷ್ಟಕ ಬರೆದು ಗೋಡೆಗೆ ಅಂಟಿಸಿದ್ದೆ. ಮನೆಗೊಂದು ಸಾಲು, ಸಾಲಿಗೊಂದು ನಂಬರು. ಎಷ್ಟು ದನ, ಎಷ್ಟು ಜನ, ಎಷ್ಟು ತಾಸು ಗ್ಯಾಸು, ಪಾಯಿಖಾನೆ ಜೋಡಣೆ ಇದೆಯೋ ಇಲ್ಲವೋ. ಹೆಸರು ಒಂದೂ ಇರಲಿಲ್ಲ.

ಕೇರಿಯಲ್ಲಿ ಯಾರ ಕೊಟ್ಟಿಗೆಯಲ್ಲಿ ಎಷ್ಟು ಬಾಲ ಅಲ್ಲಾಡುತ್ತವೆ ಎಂಬುದು ಎಲ್ಲರಿಗೂ ಬಾಯಿಪಾಠ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ನಮ್ಮೂರಲ್ಲೂ ಹಾಗೇ. ಆದರೂ ಹೊಳೆಯಲಿಲ್ಲ, ಯಾಕೆಂದರೆ ನಾನಾಗ ಊರಿನವಳ ತಲೆಯನ್ನು ಧಾರವಾಡದಲ್ಲಿ ಬಿಟ್ಟು ಬಂದಿದ್ದೆ.

ಮುಂದೆ ನಿಂತಿದ್ದ ಹಿರಿಯರೊಬ್ಬರು ಕೋಷ್ಟಕ ನೋಡಿ ನಕ್ಕರು. "ಮೂರು ಎಮ್ಮೆ, ಎರಡು ದನ. ಇದು ಯನ್ನ ಮನೆನೇ, ಬೇರೆ ಯಾರದ್ದೂ ಅಲ್ಲ!" ಅಷ್ಟು ಸಾಕಾಯಿತು. ಹಬ್ಬದ ಆಟದ ಹಾಗೆ ಎಲ್ಲರೂ ಶುರುಮಾಡಿದರು. ಇದು ಕೆಳಗಿನ ಮನೆ, ಇದು ಮೇಲಿನ ಮನೆ, ಇದು ಆಚೆ ದಿಬ್ಬದವರದು. ಹತ್ತು ನಿಮಿಷದಲ್ಲಿ ನನ್ನ ನಂಬರುಗಳಿಗೆಲ್ಲ ಹೆಸರು ಬಂದಿತ್ತು. ಸೊಸೆ ಹಿಂದೆ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದರು. ಮುಂದಿನ ಬೆಂಚಿನಿಂದ ಅತ್ತೆ ಎದ್ದು ಬಂದರು.

"ನಾಲ್ಕು ದನ, ಐದು ಜನ. ಇದು ಯಂಗ್ಳ ಮನೆ. ಕಡೀಗೆ ಎಂತ ಬರದ್ದೆ ತಂಗಿ? ಕನ್ನಡಕ ಇಲ್ಲೆ."

ಅದೇ ಹಿರಿಯರು ಆಟದ ಭರದಲ್ಲಿ ಗಟ್ಟಿಯಾಗಿ ಓದಿಬಿಟ್ಟರು: "ಪಾಯಿಖಾನೆ ಜೋಡಣೆ, ಹೌದು." ಓದಿದ ಮೇಲಷ್ಟೇ ಅವರಿಗೆ ಅರ್ಥವಾಯಿತು. ಅತ್ತೆ ಸೊಸೆಯ ಕಡೆ ತಿರುಗಿ ನೋಡಿದರು. ಸೊಸೆ ನನ್ನ ಕಡೆ ನೋಡಿದರು. "ಆನು ಹೋಗ್ತೆ" ಎಂದು ಅತ್ತೆ ಅವಲಕ್ಕಿ ಮುಟ್ಟದೆ ಹೊರಟುಹೋದರು.

ಧಾರವಾಡಕ್ಕೆ ಬಂದು ಹೇಳಿದಾಗ ಮಾರ್ಗದರ್ಶಕರು ಕೋಷ್ಟಕವನ್ನು ಇನ್ನೊಮ್ಮೆ ನೋಡಿದರು. ಆಮೇಲೆ, "ಡೇಟಾ ಅಂತೂ ಸರಿ ಐತಲ್ರಿ" ಎಂದರು. ಸರಿಯೇ ಇತ್ತು. ಪಾಯಿಖಾನೆಯ ಜೋಡಣೆಗೆ ಉತ್ತೇಜನ ಕೊಡಬೇಕೆಂಬ ನನ್ನ ಶಿಫಾರಸು ಇಂದಿಗೂ ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಪದವಿ ಬಂತು, ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಆ ಮನೆ ನೆನಪಾದಾಗಲೆಲ್ಲ ಮಾತ್ರ ನಾಚಿಕೆಯಾಗುತ್ತಿತ್ತು.

ಎರಡು ಸಾವಿರದ ಇಸವಿಯ ನಂತರ ಇನ್ನೊಂದು ಅಧ್ಯಯನದ ಮೇಲೆ ಆ ಕಡೆ ಹೋಗಬೇಕಾಯಿತು. ಈ ಸಲ ಮನೆಗಳಲ್ಲಿ ಉರಿಸುವ ಕಟ್ಟಿಗೆಯ ವಿಷಯ. ಆ ಮನೆಯನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಹೇಡಿತನ ಎನಿಸಿ ಹೋದೆ. ಹಿತ್ತಲ ಮಾಡಿನ ಕೆಳಗೆ ಮಣ್ಣಿನ ಒಲೆ ಹಾಕಿಕೊಂಡು ಅತ್ತೆ ಒಬ್ಬರೇ ಅನ್ನ ಬೇಯಿಸುತ್ತಿದ್ದರು. ಹೊಗೆಗೆ ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಸೊಸೆ ಅವರಿಗಾಗಿ ಕಟ್ಟಿಗೆ ಸೀಳುತ್ತಿದ್ದರು. ಒಲೆಯಿಂದ ಎರಡು ಮಾರು ದೂರ ಅದನ್ನು ಇಟ್ಟು ಹಿಂದೆ ಸರಿದರು.

"ಬನ್ನಿ ಮೇಡಂ" ಎಂದರು ಸೊಸೆ. ತಂಗಿ ಎನ್ನಲಿಲ್ಲ.

ಕೇಳಿದ್ದಕ್ಕೆಲ್ಲ ಕತ್ತಿಯಲ್ಲಿ ಕಟ್ಟಿಗೆ ಸೀಳುತ್ತಲೇ ಉತ್ತರ ಹೇಳಿದರು. ದನ ನಾಲ್ಕು. ಕಟ್ಟಿಗೆ ದಿನಕ್ಕೆ ಒಂದು ಹೊರೆ. ಫಾರ್ಮು ಹೊಸದಾದರೂ ಕುಟುಂಬದ ವ್ಯಾಖ್ಯೆ ಹಳೆಯದೇ. ನಾನು ಅತ್ತೆಗೆಂದು ಬ್ಯಾಗಿನಿಂದ ಇನ್ನೊಂದು ಫಾರ್ಮು ತೆಗೆದೆ. ಸೊಸೆ ಕೇಳಿದರು, "ಇನ್ನೊಂದು ಯಾಕೆ?"

"ಒಲಿ ಬ್ಯಾರೆ ಇದ್ರ ಕುಟುಂಬ ಬ್ಯಾರೆ ಅಂತ ಬರೀಬೇಕ್ರಿ ಅಕ್ಕಾರ" ಎಂದೆ.

ಕತ್ತಿ ಹಿಡಿದ ಕೈ ನಿಂತಿತು. ಅವರ ಕಣ್ಣು ತುಂಬಿದ್ದು ಹೊಗೆಯಿಂದಲ್ಲ ಎಂದು ನನಗೆ ಗೊತ್ತು. "ಬೇರೆ ಬರೆಯಡ" ಎಂದರು, ಮತ್ತೆ ಮನೆಮಾತಿನಲ್ಲಿ. "ಇದೊಂದನ್ನಾದ್ರೂ ಬರೆಯಡ."

ಎರಡನೆಯ ಫಾರ್ಮನ್ನು ಮಡಚಿ ಬ್ಯಾಗಿಗೆ ಹಾಕಿದೆ. ಮೊದಲನೆಯದರಲ್ಲಿ ನಿಯಮ ಬಿಟ್ಟು ಬರೆದೆ: ನಾಲ್ಕು ದನ, ಐದು ಜನ.