ಸೆಲ್ಮರ್ ಬ್ರೆಕ್ಕೆ ಬೆಚ್ಚಗಿಟ್ಟ ಶಾಂಪೂ

ಚಳಿಗಾಲ ಹತ್ತಿರ ಬಂದಾಗ ನಮ್ಮೂರಿನವರು ಮೊದಲು ಮಾಡುವ ಕೆಲಸ ಖಾಲಿ ಮಾಡುವುದು. ತೋಟದ ಪೈಪು, ದೋಣಿಯ ಇಂಜಿನ್, ಚರ್ಚಿನ ಅಂಗಳದ ನಲ್ಲಿ, ನೀರು ನಿಲ್ಲುವ ಜಾಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದು ಹನಿಯೂ ಉಳಿಯದಂತೆ ಬಸಿದುಬಿಡಬೇಕು. ಉಳಿದ ನೀರು ಹೆಪ್ಪುಗಟ್ಟಿ, ಉಬ್ಬಿ, ಕಬ್ಬಿಣವನ್ನೂ ಸೀಳುತ್ತದೆ. ಈ ಕೆಲಸದಲ್ಲಿ ಸೆಲ್ಮರ್ ಬ್ರೆಕ್ಕೆ ಎಲ್ಲರಿಗಿಂತ ಮುಂದೆ. ಅಕ್ಟೋಬರ್ ಮುಗಿಯುವ ಮೊದಲೇ ತನ್ನ ಕಾರ್ ವಾಶ್‌ನ ಅಂಗಳದಲ್ಲಿದ್ದ, ಕಾರಿನೊಳಗಿನ ಕಾರ್ಪೆಟ್ ತೊಳೆಯುವ ಶಾಂಪೂ ಯಂತ್ರದ ಟ್ಯಾಂಕು ಬರಿದು ಮಾಡಿ, ಪೈಪಿಗೆ ಗಾಳಿ ಊದಿ, ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಿದ್ದ. 'ಏಪ್ರಿಲ್‌ವರೆಗೆ ಇಲ್ಲ' ಎಂಬ ಹಲಗೆ ಅದರ ಕೊರಳಿಗೆ ಬೀಳುತ್ತಿತ್ತು.

ಸೆಲ್ಮರ್ ಮೊದಲು ಹಾಲಿನ ಲಾರಿ ಓಡಿಸುತ್ತಿದ್ದವನು. ಸುತ್ತಲಿನ ಕೊಟ್ಟಿಗೆಗಳು ಒಂದೊಂದೇ ಮುಚ್ಚಿಹೋದಾಗ ಲಾರಿಗೆ ಕೆಲಸವಿಲ್ಲದಾಯಿತು. ಕೂಡಿಟ್ಟಿದ್ದರಲ್ಲಿ ನಮ್ಮೂರು ನಾರ್ಡ್‌ವಿಕ್‌ನ ಆ ಕಾರ್ ವಾಶ್ ಕೊಂಡ. ನಾಣ್ಯ ಹಾಕಿದರೆ ನೀರು, ಇನ್ನೊಂದು ನಾಣ್ಯಕ್ಕೆ ನೊರೆ, ತೊಳೆದುಕೊಳ್ಳುವವರು ಅವರವರೇ. ಮಾಲೀಕ ಅಲ್ಲಿರಲೇಬೇಕೆಂದಿಲ್ಲ. ಆದರೂ ಅವನು ಮೋಟಾರುಗಳಿದ್ದ ಹಿಂದಿನ ಕೋಣೆಯಲ್ಲಿ, ಎಣ್ಣೆಯ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ದಿನವಿಡೀ ಇರುತ್ತಿದ್ದ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಗೆ ಹೋಗುವ ಆತುರವೂ ಇರಲಿಲ್ಲ.

"ಗಿರಾಕಿಗಳೇ ಕೆಲಸ ಮಾಡೋ ಅಂಗಡಿ ಹುಡುಕ್ಕೊಂಡೆಯಲ್ಲೋ, ಭಲೇ ಬುದ್ಧಿವಂತ," ಎಂದು ಗಂಡಸರು ಕೆಣಕುತ್ತಿದ್ದರು.

"ನೀವು ತೊಳ್ದು ಹೋದ್ಮೇಲೆ ಆ ಕೆಸರು ಎತ್ತೋದು ಯಾರು ಅಂದ್ಕೊಂಡಿದೀರಿ? ನಿಮ್ಮಪ್ಪಾನಾ?" ಎನ್ನುತ್ತಿದ್ದ ಸೆಲ್ಮರ್. ಅಷ್ಟೇ ಅವನ ಮಾತು. ಯಾರನ್ನೂ ಏನನ್ನೂ ಕೇಳುವವನಲ್ಲ. ನಮ್ಮ ಕಡೆ ಅದೇ ಮರ್ಯಾದೆ. ಇನ್ನೊಬ್ಬರ ಮನೆಯ ಕಷ್ಟವನ್ನು ಬಾಯಿ ಬಿಟ್ಟು ಕೇಳಬಾರದು. ಆಲೂಗಡ್ಡೆಯೂ ಮಾಂಸವೂ ತುಂಬಿದ ಬಿಸಿ ಪಾತ್ರೆಯನ್ನು ಬಾಗಿಲಲ್ಲಿಟ್ಟು ಬರಬೇಕು. ಕೊಟ್ಟದ್ದು ಹೇಗಿತ್ತು ಎಂದರೆ ಚೆನ್ನಾಗಿತ್ತು ಎನ್ನಬೇಕು. ಸೀದುಹೋಗಿದ್ದರೂ ಅಷ್ಟೆ.

ಒಂದು ಚಳಿಗಾಲ ನನ್ನ ನೆರೆಮನೆಯ ಆರ್ಡಿಸ್ ಓಸೆನ್‌ಗೆ ಹೊಟ್ಟೆಯ ಕ್ಯಾನ್ಸರ್. ವರುಷಗಟ್ಟಲೆ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಹಿಂದಿನ ಸೀಟಿನ ಜಗಳ ತಣ್ಣಗಾಗುತ್ತಿತ್ತು. ಅವಳ ಗಂಡ ವರ್ಲಿನ್ ಬೀಟ್ ಗೆಡ್ಡೆ ಬೆಳೆಯುವ ರೈತ. ವಾರಕ್ಕೊಮ್ಮೆ ಅವಳನ್ನು ಫಾರ್ಗೊ ನಗರದ ಆಸ್ಪತ್ರೆಗೆ ಔಷಧಿ ಹಾಕಿಸಲು ಕರೆದೊಯ್ಯುತ್ತಿದ್ದ. ಹಿಂದಿನ ಸೀಟಿನಲ್ಲಿ ಬೋಗುಣಿ ಹಿಡಿದು ನಾನು ಕೂರುತ್ತಿದ್ದೆ. ವಾಪಸು ಬರುವ ದಾರಿಯಲ್ಲಿ ಅವಳಿಗೆ ವಾಂತಿ. ಬೋಗುಣಿ ಎಲ್ಲ ಸಲವೂ ಸಮಯಕ್ಕೆ ಮುಂದೆ ಹೋಗುತ್ತಿರಲಿಲ್ಲ. ಕಾಲ ಕೆಳಗಿನ ಕಾರ್ಪೆಟ್ಟಿನಲ್ಲಿ ಇಳಿದದ್ದು ಮುಂದಿನ ವಾರ ಹೀಟರ್ ಹಾಕುತ್ತಲೇ ಮೇಲೆದ್ದು ಬರುತ್ತಿತ್ತು. ಆ ವಾಸನೆಗೆ ಆಸ್ಪತ್ರೆ ತಲುಪುವ ಮೊದಲೇ ಅವಳು ಬೋಗುಣಿ ಕೇಳುತ್ತಿದ್ದಳು.

ಡಿಸೆಂಬರ್‌ನ ಒಂದು ಮಧ್ಯಾಹ್ನ ವರ್ಲಿನ್ ಕಾರ್ ವಾಶ್‌ನ ಅಂಗಳದಲ್ಲಿ, ಟಾರ್ಪಾಲು ಹೊದ್ದ ಯಂತ್ರದ ಎದುರು ಕಾರು ನಿಲ್ಲಿಸಿ, ಬಾಗಿಲು ತೆರೆದು ಮೊಣಕಾಲೂರಿ, ಬೊಗಸೆಯಲ್ಲಿ ಹಿಮ ತಂದು ತಂದು ಆ ಕಾರ್ಪೆಟ್ಟನ್ನು ಉಜ್ಜುತ್ತಿದ್ದುದನ್ನು ಸೆಲ್ಮರ್ ಕಿಟಕಿಯಿಂದ ನೋಡಿದ. ವರ್ಲಿನ್‌ನ ಬೆರಳುಗಳು ಬಿಳಿಚಿಕೊಂಡಿದ್ದವು. ಸೆಲ್ಮರ್ ಹೊರಗೆ ಬರಲಿಲ್ಲ, ಏನೂ ಕೇಳಲಿಲ್ಲ. ಮಾರನೆಯ ದಿನ ಟಾರ್ಪಾಲು ತೆಗೆದಿತ್ತು. ಹಲಗೆಯೂ ಇರಲಿಲ್ಲ.

ಚಳಿಗಾಲದಲ್ಲಿ ಶಾಂಪೂ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹುಡುಗಾಟವಲ್ಲ. ಮೊದಲು ಅವನು ಯಂತ್ರದ ಪೆಟ್ಟಿಗೆಯೊಳಗೆ ಬಲ್ಬು ಉರಿಸಿಟ್ಟ. ಟ್ಯಾಂಕು ಬೆಚ್ಚಗಾಯಿತು, ಹೊರಗಿನ ಪೈಪು ಕೋಲಿನಂತೆ ಸೆಟೆದು ನಿಂತಿತು. ಪೈಪಿಗೆ ಉಣ್ಣೆಯ ಕಾಲುಚೀಲ ತೊಡಿಸಿದ. ಬ್ರಷ್ಷಿನ ತುದಿ ಕಲ್ಲಾಯಿತು. ಕೊನೆಗೆ ಕಾರಿನ ಮುಂಗಾಜಿಗೆ ಚಿಮ್ಮಿಸುವ, ಎಂಥ ಚಳಿಗೂ ಹೆಪ್ಪುಗಟ್ಟದ ನೀಲಿ ದ್ರವವನ್ನು ಶಾಂಪೂವಿಗೆ ಬೆರೆಸಿದ. ನಾಣ್ಯ ಹಾಕಿದರೆ ತೆಳು ನೀಲಿ ನೊರೆ ಬುಸಬುಸನೆ ಬಂತು. ಇಡೀ ಜಿಲ್ಲೆಯಲ್ಲಿ ಚಳಿಗಾಲದಲ್ಲಿ ಕಾರ್ಪೆಟ್ ತೊಳೆಯುವ ಯಂತ್ರ ಅದೊಂದೇ ಇದ್ದಿರಬೇಕು.

"ಹೆಂಗಿದೆ?" ಎಂದು ಕೇಳಿದ, ವರ್ಲಿನ್ ಮೊದಲ ಸಲ ತೊಳೆದು ಮುಗಿಸಿದಾಗ.

"ಚೆನ್ನಾಗಿದೆ," ಎಂದ ವರ್ಲಿನ್.

ಇಬ್ಬರೂ ಆಕಾಶ ನೋಡಿದರು. ಇನ್ನೂ ಹಿಮ ಬೀಳಬಹುದು ಎಂದ ಒಬ್ಬ. ಬಿದ್ದರೂ ಬೀಳಬಹುದು ಎಂದ ಇನ್ನೊಬ್ಬ.

ಆದರೆ ಆ ನೀಲಿ ದ್ರವ ಸ್ಪಿರಿಟ್ಟಿನ ಜಾತಿಯದು. ನಮ್ಮ ಚಳಿಯಲ್ಲಿ ಒದ್ದೆ ಕಾರ್ಪೆಟ್ಟು ಒಣಗುವುದಿಲ್ಲ. ಮುಂದಿನ ವಾರ ಹೀಟರಿನ ಬಿಸಿಗಾಳಿ ಆರ್ಡಿಸ್‌ಳ ಪಾದಗಳಿಗೆ ಬಡಿದಾಗ ಆ ಘಾಟು ಹಬೆಯಂತೆ ಎದ್ದಿತು. ನನಗೇ ಕಣ್ಣುರಿ. ಅವಳಂತೂ ಕಾಫಿಯ ವಾಸನೆಯನ್ನೂ ತಡೆಯಲಾರದ ಸ್ಥಿತಿಯಲ್ಲಿದ್ದಳು. ಮೂಗಿಗೆ ಸ್ಕಾರ್ಫ್ ಒತ್ತಿಕೊಂಡು, ಆ ಚಳಿಯಲ್ಲೂ ಕಿಟಕಿ ಇಳಿಸಿ, ಮುಖ ಹೊರಗೆ ಹಾಕಿಕೊಂಡು ಹೋದಳು. ಹುಬ್ಬಿನ ಮೇಲೆಲ್ಲ ಮಂಜು.

"ಅವನಿಗೆ ಹೇಳಬಾರದೇನೋ ವರ್ಲಿನ್?" ಎಂದೆ.

"ಹೆಂಗೆ ಹೇಳೋದು ಬರ್ನಿಸ್? ನಮಗೋಸ್ಕರ ಅಂತಲೇ ಯಂತ್ರ ತೆರೆದಿಟ್ಟಿದಾನೆ. ಮೊನ್ನೆ ಆ ಪೈಪು ಬಿಡಿಸೋಕೆ ಹೋಗಿ, ಚಳಿಗೆ ಕೈ ಕಬ್ಬಿಣಕ್ಕೆ ಅಂಟ್ಕೊಂಡು ಅಂಗೈ ಚರ್ಮ ಕಿತ್ಕೊಂಡಿದಾನೆ, ಪಾಪ."

ಅವನು ವಾರವಾರವೂ ತೊಳೆದ. ಸೆಲ್ಮರ್ ಕಿಟಕಿಯಿಂದ ನೋಡುತ್ತಿದ್ದಾನೆ ಎಂಬುದಕ್ಕಾಗಿ ತುಸು ಹೆಚ್ಚೇ ತೊಳೆದ. ಜನವರಿಯ ಒಂದು ಬೆಳಿಗ್ಗೆ ಆರ್ಡಿಸ್ ಕೋಟು ತೊಟ್ಟು ಕಾರಿನವರೆಗೆ ಬಂದಳು, ಬಾಗಿಲು ತೆರೆದಳು, ಮತ್ತೆ ಮುಚ್ಚಿದಳು.

"ನನ್ನ ಕೈಲಾಗಲ್ಲ. ಇದ್ರೊಳಗೆ ಇನ್ನು ಕೂರಲ್ಲ."

"ನನ್ನ ಕಾರಿದೆಯಲ್ಲ," ಎಂದೆ.

"ನಿನ್ನ ಕಾರಲ್ಲಿ ಕೂರಬಹುದು ಬರ್ನಿಸ್, ಆದ್ರೆ ಇವತ್ತಲ್ಲ. ನೋಡು, ಬಾಗಿಲು ತೆಗೆದಿದ್ದಕ್ಕೇ ಆ ಘಾಟು ಮೂಗು ಹಿಡ್ಕೊಂಡಿದೆ."

ಅವಳು ಒಳಗೆ ಹೋದಳು. ಆ ವಾರದ ಔಷಧಿ ತಪ್ಪಿತು. ಡಾಕ್ಟರು ಫೋನ್ ಮಾಡಿ, ಇನ್ನೊಂದು ವಾರ ತಪ್ಪಿಸಬೇಡಿ ಎಂದರು.

ಭಾನುವಾರ ಚರ್ಚಿನಿಂದ ಮೂವರೂ ನನ್ನ ಕಾರಿನಲ್ಲಿ ಬರುತ್ತಿದ್ದೆವು. ಕಾರ್ ವಾಶ್ ಕಂಡದ್ದೇ ತಡ, ಆರ್ಡಿಸ್ ನನ್ನ ತೋಳು ಮುಟ್ಟಿದಳು.

"ನಿಲ್ಸು."

"ಬೇಡ ಆರ್ಡಿಸ್," ಹಿಂದಿನಿಂದ ವರ್ಲಿನ್. "ಪಾಪ, ಬೇಜಾರು ಮಾಡ್ಕೋತಾನೆ."

"ನಿಲ್ಸು ಅಂದ್ರೆ ನಿಲ್ಸು."

ಸೆಲ್ಮರ್ ಟೋಪಿ ಸರಿಮಾಡಿಕೊಳ್ಳುತ್ತ ಹೊರಗೆ ಬಂದ. ಅವಳು ಕಿಟಕಿ ಇಳಿಸಿದಳು.

"ಸೆಲ್ಮರ್, ನಿನ್ನ ಶಾಂಪೂ ನಾರುತ್ತೆ ಕಣೋ."

"ನಾರುತ್ತಾ?"

"ರೋಗಕ್ಕಿಂತ ಜಾಸ್ತಿ ಅದೇ ನನ್ನ ಕೈಲಿ ವಾಂತಿ ಮಾಡಿಸ್ತಿದೆ. ಹೋದ ವಾರ ಅದಕ್ಕೇ ಆಸ್ಪತ್ರೆಗೆ ಹೋಗ್ಲಿಲ್ಲ."

ವರ್ಲಿನ್ ತನ್ನ ಕೈಗವಸನ್ನು ನೋಡಿಕೊಳ್ಳುತ್ತಿದ್ದ. ಸೆಲ್ಮರ್ ಅವನ ಕಡೆ ತಿರುಗಿದ. "ನೀನು ಚೆನ್ನಾಗಿದೆ ಅಂದಿದ್ದೆ."

"ಇವನ ಮಾತು ಬಿಡು," ಎಂದಳು ಆರ್ಡಿಸ್. "ಮದುವೆಯಾದ ಹೊಸದ್ರಲ್ಲಿ ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕಿ ಕೊಟ್ಟಿದ್ದೆ. ಚೆನ್ನಾಗಿದೆ ಅಂತ ಎರಡು ಲೋಟ ಕುಡಿದ, ದೊಡ್ಡ ಮನುಷ್ಯ."

ನಾನು ನಕ್ಕೆ. ಅವಳೂ ನಕ್ಕಳು, ನಗು ಕೆಮ್ಮಾಯಿತು. ಸೆಲ್ಮರ್ ನಗಲಿಲ್ಲ. ಚರ್ಮ ಸುಲಿದ ಅಂಗೈಯನ್ನು ಜೇಬಿನೊಳಗೆ ಇಳಿಸಿದ.

"ನಾನು ಕೇಳಬೇಕಿತ್ತು," ಎಂದ.

"ಈಗ ಹೇಳಿದೀನಲ್ಲ. ಬಿಡು. ನೀನು ಇದನ್ನೆಲ್ಲ ಮಾಡಿದ್ದು ನನಗೆ ಗೊತ್ತಿಲ್ಲ ಅಂದ್ಕೋಬೇಡ."

ಅವಳು ಕಿಟಕಿ ಏರಿಸಿದಳು. ನಾವು ರಸ್ತೆಗಿಳಿಯುವ ಹೊತ್ತಿಗೆ ಅವನು ಯಂತ್ರದ ಮುಚ್ಚಳ ಬಿಚ್ಚುತ್ತಿದ್ದ. ಹಿಮದ ಮೇಲೆ ನೀಲಿ ಹರಡುತ್ತಿತ್ತು.

ಆಮೇಲೆ ಅವನು ಯಂತ್ರವನ್ನು ನಂಬಲಿಲ್ಲ. ವಾಸನೆಯೇ ಇಲ್ಲದ ಸೋಪಿನಿಂದ ಶಾಂಪೂ ಕಲಸಿ, ಒಂದು ತವರದ ಹೂಜಿಯಲ್ಲಿ ತುಂಬಿ, ತನ್ನ ಕೋಣೆಯ ಒಲೆಯ ಅಂಚಿನಲ್ಲಿಟ್ಟ. ನಾವು ಆಸ್ಪತ್ರೆಯಿಂದ ಬಂದ ಸಂಜೆ ವರ್ಲಿನ್ ಕಾರನ್ನು ನೆಲ ಬೆಚ್ಚಗಿದ್ದ ತೊಳೆಯುವ ಶೆಡ್ಡಿನೊಳಗೆ ತಂದು ನಿಲ್ಲಿಸಿ ಹೋಗುತ್ತಿದ್ದ. ಸೆಲ್ಮರ್ ಮೊಣಕಾಲೂರಿ ಕೈಯಿಂದಲೇ ಉಜ್ಜುತ್ತಿದ್ದ. ಬಿಸಿನೀರಿನಲ್ಲಿ ಒರೆಸಿ, ವ್ಯಾಕ್ಯೂಮ್ ಹಿಡಿದು ಎಳೆದು, ಕಾರ್ಪೆಟ್ಟಿನ ಕೆಳಗೆ ಹಳೆಯ ಪೇಪರು ತುರುಕಿ, ಒದ್ದೆಯಾದದ್ದನ್ನು ತೆಗೆದು ಒಣಗಿದ್ದನ್ನು ತುರುಕಿ, ಬೆಳಗಿನ ಹೊತ್ತಿಗೆ ಒಣ ಕಾರು ಕೊಡುತ್ತಿದ್ದ. ಕೊಡುವ ಮೊದಲು ತಾನೇ ಅವಳ ಸೀಟಿನಲ್ಲಿ ಕೂತು, ಹೀಟರ್ ಹಾಕಿ, ಕಣ್ಣು ಮುಚ್ಚಿ ಮೂಗರಳಿಸಿ ನೋಡುತ್ತಿದ್ದ. ದಾರಿಯಲ್ಲಿ ಹೋಗುವವರು ಕಂಡು ನಕ್ಕರೆ ಲೆಕ್ಕಕ್ಕಿಡುತ್ತಿರಲಿಲ್ಲ.

ಆರ್ಡಿಸ್ ಮತ್ತೆ ಹೊರಟಳು. ಫೆಬ್ರವರಿಯಿಡೀ ಹೋದಳು. ಕಿಟಕಿ ಏರಿಸಿಕೊಂಡು, ಕಾಲಿಗೆ ಬಿಸಿಗಾಳಿ ಬಿಟ್ಟುಕೊಂಡು, ಹೊಲಗಳ ಬಿಳುಪನ್ನು ನೋಡುತ್ತ. ಒಮ್ಮೊಮ್ಮೆ ದಾರಿಯಲ್ಲಿ ನಿದ್ದೆಯನ್ನೂ ಮಾಡುತ್ತಿದ್ದಳು. ಆದರೆ ಪ್ರತಿ ವಾರ ಸೀಟಿನಲ್ಲಿ ಅವಳು ತುಂಬುವ ಜಾಗ ಕಡಿಮೆಯಾಗುತ್ತಿತ್ತು. ಮಾರ್ಚ್ ಮೊದಲಲ್ಲಿ ಡಾಕ್ಟರು ಇನ್ನು ಬರಬೇಕಾಗಿಲ್ಲ ಎಂದರು. ಅದೇ ತಿಂಗಳು, ಮನೆಯಲ್ಲೇ, ಒಂದು ಮಧ್ಯಾಹ್ನ ಹೋಗಿಬಿಟ್ಟಳು.

ಅಂತ್ಯಕ್ರಿಯೆಗೆ ಸೆಲ್ಮರ್ ಬಂದು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆದ ಊಟಕ್ಕೆ ಇಳಿಯಲಿಲ್ಲ. ವರ್ಲಿನ್ ಒಂದು ತಟ್ಟೆಯಲ್ಲಿ ಹ್ಯಾಮ್, ಬನ್ನು, ಸಾಲಡ್ ಹಾಕಿಸಿಕೊಂಡು, ಮೇಲೆ ಕಾಗದ ಮುಚ್ಚಿ, "ಬಾ ಬರ್ನಿಸ್, ಅವನಿಗೆ ಕೊಟ್ಟು ಬರೋಣ," ಎಂದ.

ಕಾರ್ ವಾಶ್‌ನ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ಅಂಚಿನಲ್ಲಿ ಹೂಜಿ. ಸೆಲ್ಮರ್ ಎದ್ದು ನಿಂತ, ಕುರ್ಚಿಯನ್ನು ನನ್ನ ಕಡೆ ತಳ್ಳಿದ. ಕಪ್ಪು ಕೋಟು ಇನ್ನೂ ಮೈಮೇಲಿತ್ತು.

"ಬೆಚ್ಚಗಿದೆ," ಎಂದ. "ಬೇಕಾದ್ರೆ ಕಾರು ಒಳಗೆ ತಗೊಂಡ್ಬಾ."

"ಇವತ್ತು ಬೇಡ ಕಣೋ." ವರ್ಲಿನ್ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟ. "ತಿನ್ನು."

ಸೆಲ್ಮರ್ ತಟ್ಟೆಯನ್ನು ಮುಟ್ಟಲಿಲ್ಲ. ಹಲಗೆಯ ಗೋಡೆಯನ್ನು ನೋಡುತ್ತ ನಿಂತಿದ್ದವನು, ಆ ವಯಸ್ಸಿನವರೆಗೆ ಇನ್ನೊಬ್ಬರ ಮನೆಯ ಮಾತು ಯಾರನ್ನೂ ಕೇಳದಿದ್ದವನು, ಕೇಳಿದ.

"ಜನವರಿಯಲ್ಲಿ ಒಂದು ವಾರ ತಪ್ಪಿಸಿದ್ಲಲ್ಲ. ಆ ವಾರ ಹೋಗಿದ್ರೆ..."

ವರ್ಲಿನ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಡಬ್ಬಿಯೊಂದರ ಮೇಲೆ ಕೂತ. ಆ ಒಂದು ವಾರ ತಪ್ಪಿದ್ದರಿಂದ ಏನಾಯಿತೆಂದು ಡಾಕ್ಟರನ್ನು ನಾವು ಕೇಳಿರಲಿಲ್ಲ.

"ಆ ವಾರಾನಾ?" ಎಂದ ವರ್ಲಿನ್. "ಏ, ಆ ವಾರ ಅವಳು ಎಷ್ಟು ಚೆನ್ನಾಗಿದ್ಲು ಗೊತ್ತಾ! ಔಷಧಿ ಇಲ್ದಿದ್ದಕ್ಕೆ ಹೊಟ್ಟೆ ತಣ್ಣಗಾಗಿತ್ತು. ಎದ್ದು ಕೂತು ಲೆಫ್ಸೆ ತಿಂದ್ಲು. ಎರಡು. ಇಡೀ ಚಳಿಗಾಲದಲ್ಲಿ ಅವಳು ಬಾಯಿರುಚಿಯಾಗಿ ತಿಂದಿದ್ದು ಆ ವಾರ ಒಂದೇ. ನಿನ್ನಿಂದ ಅವಳಿಗೆ ಒಂದು ರಜೆ ಸಿಕ್ತು ಅಂದ್ಕೋ."

ಆ ವಾರವಿಡೀ ನಾನು ಅವರ ಮನೆಯಲ್ಲೇ ಇದ್ದೆ. ಆರ್ಡಿಸ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಲಟ್ಟಿಸಿಕೊಂಡು ಹೋದ ಲೆಫ್ಸೆಯನ್ನು, ಅವಳು ಮುಟ್ಟದೆ ಬಿಟ್ಟ ಆಲೂಗಡ್ಡೆಯ ಆ ತೆಳು ರೊಟ್ಟಿಗಳನ್ನು, ಮೂರನೆಯ ದಿನ ನಾಯಿಗೆ ಹಾಕಿದ್ದು ನಾನೇ.

ಸೆಲ್ಮರ್ ವರ್ಲಿನ್‌ನ ಮುಖವನ್ನೇ ನೋಡುತ್ತಿದ್ದ. ಒಮ್ಮೆ ಅದೇ ಬಾಯಿಂದ ಚೆನ್ನಾಗಿದೆ ಎಂದು ಕೇಳಿಸಿಕೊಂಡು ನಂಬಿದವನು. ಆಮೇಲೆ ನನ್ನ ಕಡೆ ತಿರುಗಿದ.

"ನೀನೂ ಇದ್ದೆಯಲ್ಲ ಬರ್ನಿಸ್. ತಿಂದ್ಲಾ?"

"ತಿಂದ್ಲು," ಎಂದೆ. "ಬೆಣ್ಣೆ ಸವರಿ, ಮೇಲೆ ಸಕ್ಕರೆ ಉದುರಿಸ್ಕೊಂಡು. ಸಕ್ಕರೆ ಸಾಲ್ದು ಅಂತ ನನ್ನ ಬೈದ್ಲು ಬೇರೆ."

"ಬೈದ್ಲಾ?"

"ಬಸ್ಸಲ್ಲಿ ಹುಡುಗರನ್ನ ಬೈತಿದ್ಲಲ್ಲ, ಹಂಗೆ."

ಹೊರಗೆ ಯಾರೋ ನಾಣ್ಯ ಹಾಕಿದರು. ಗೋಡೆಯಾಚೆ ಮೋಟಾರು ಗುರುಗುಟ್ಟಿ, ನೀರು ಹೊಡೆಯುವ ಸದ್ದು ಬಂತು. ಸೆಲ್ಮರ್ ಕಪ್ಪು ಕೋಟಿನ ಗುಂಡಿ ಬಿಚ್ಚಿ, ಕೂತು, ತಟ್ಟೆಯ ಮೇಲಿನ ಕಾಗದ ತೆಗೆದ.