ಅಂಧೇರಿಯಲ್ಲಿ ಇಲ್ಲದ ಮನೆ

ಅಶ್ವಿನಿ, ನಿನ್ನ ಅಪ್ಪನಿಗೆ ಅಂಧೇರಿಯಲ್ಲಿ ಮನೆ ಇರಲಿಲ್ಲ. ಒಂದೂ ಇರಲಿಲ್ಲ. ಆ ಮನೆಗಳನ್ನು ಕಾಗದದ ಮೇಲೆ ಹುಟ್ಟಿಸಿದವನು ನಾನು. ನಿನ್ನ ಅಮ್ಮ ಅದನ್ನು ನಿಜವೆಂದು ನಂಬಿದಾಗ ಎದುರಿಗೇ ಕೂತು ಸುಮ್ಮನಿದ್ದವನೂ ನಾನೇ. ಸುಮ್ಮನಿದ್ದೆ ಎಂದು ಬರೆದೆನಲ್ಲ — ಅದೂ ಪೂರ್ತಿ ಸತ್ಯವಲ್ಲ. ಸುಮ್ಮನಿದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ.

ನನ್ನನ್ನು ನೀನು ಟ್ಯಾಕ್ಸ್ ಅಂಕಲ್ ಎಂದು ಬಲ್ಲೆ. ಜುಲೈ ತಿಂಗಳ ಭಾನುವಾರಗಳಲ್ಲಿ ನಮ್ಮ ಸಂಘದ ಹಾಲಿನಲ್ಲಿ ಮೈಕು ಹಿಡಿದು ಉಪದೇಶ ಮಾಡುತ್ತಿದ್ದೆ. ಆಫೀಸಿನಿಂದ ಫಾರ್ಮ್ ಹದಿನಾರು ಕೈಗೆ ಬಂತೆಂದು ಅವಸರ ಮಾಡಬೇಡಿ, ಬ್ಯಾಂಕಿನ ಬಡ್ಡಿಯನ್ನೂ ಸೇರಿಸಿ. ತೆರಿಗೆಯ ಹಳೆಯ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಲೆಕ್ಕ ಹಾಕಿ ನೋಡಿ. ರಿಟರ್ನ್ ತುಂಬಿದರೆ ಮುಗಿಯಲಿಲ್ಲ, ಮೂವತ್ತು ದಿನದೊಳಗೆ ವೆರಿಫೈ ಮಾಡಬೇಕು. ಹೋಟೆಲಿನ ಕ್ಯಾಶಿಯರುಗಳು, ಆಫೀಸಿನವರು ಎಲ್ಲ ತಲೆಯಾಡಿಸುತ್ತಿದ್ದರು. ನಿನ್ನ ಅಮ್ಮ ಸುಮತಿ ಅಕ್ಕನೂ ಅಲ್ಲಿಯೇ ನನ್ನನ್ನು ಕಂಡದ್ದು. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಆದರೂ ಅಂದಿನಿಂದ ಅವರಿಗೆ ನಾನು ಮಾಷ್ಟ್ರು.

ನಿನ್ನ ಅಪ್ಪ ಸಂಜೀವ ತೀರಿಕೊಂಡ ಮೇಲೆ ಬಂದ ವಿಮೆಯ ಹಣವನ್ನು ಅಕ್ಕ ಬ್ಯಾಂಕಿನಲ್ಲಿಟ್ಟಿದ್ದರು. ಬ್ಯಾಂಕಿನವರು ಬಡ್ಡಿಯಲ್ಲಿ ತೆರಿಗೆ ಮುರಿದುಕೊಂಡಿದ್ದರು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಹೆಂಗಸು! ನಾನು ರಿಟರ್ನ್ ಹಾಕಿ ಅದನ್ನು ವಾಪಸು ಬರಿಸಿದೆ, ಮುಂದೆ ಮುರಿಯದಂತೆ ಫಾರ್ಮ್ ತುಂಬಿಸಿ ಕೊಟ್ಟೆ. ಅಕ್ಕ ಡಬ್ಬಿ ತುಂಬ ಪತ್ರೊಡೆ ಮಾಡಿ ಘಾಟ್ಕೋಪರಿನ ನನ್ನ ಮನೆ ತನಕ ತಂದರು. ಅಲ್ಲಿಯವರೆಗೆ ನನ್ನ ಕೈ ಶುದ್ಧವಾಗಿತ್ತು.

ಅವರ ಪ್ಯಾನ್ ಕಾರ್ಡಿನ ಜೆರಾಕ್ಸ್ ನನ್ನ ಫೈಲಿನಲ್ಲಿ ಉಳಿಯಿತು. ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ಅವರ ಹೆಸರಿನ ಕೆಳಗೆ ನನ್ನದೇ ಮೊಬೈಲ್ ನಂಬರು, ನನ್ನದೇ ಇಮೇಲ್ ಹಾಕಿದ್ದೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಓಟಿಪಿಗಾಗಿ ಪ್ರತಿಯೊಬ್ಬರಿಗೂ ಫೋನು ಮಾಡುತ್ತ ಕೂರುವವರು ಯಾರು?

ಆ ಚಳಿಗಾಲದಲ್ಲಿ ಅಂಧೇರಿಯ ನಾಲ್ವರು ಬಂದರು. ಒಳ್ಳೆಯ ಸಂಬಳದವರು, ಅಪ್ಪ ಅಮ್ಮನ ಫ್ಲ್ಯಾಟಿನಲ್ಲೇ ಇರುವವರು, ಆದರೆ ಬಾಡಿಗೆ ಕೊಡುತ್ತಿದ್ದೇವೆಂದು ತೋರಿಸಿ ತೆರಿಗೆ ಉಳಿಸಬೇಕು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೊಡಲೇಬೇಕು. "ನೀವೇ ಏನಾದರೂ ಜುಗಾಡ್ ಮಾಡಿ" ಅಂದರು. ಆದಾಯವೇ ಇಲ್ಲದವರ ಪ್ಯಾನನ್ನು ಯಾರು ನೋಡುತ್ತಾರೆ ಎಂದುಕೊಂಡೆ. ನಾಲ್ಕೂ ಕಡೆ ನಿನ್ನ ಅಮ್ಮನನ್ನು ಮಾಲಕಿ ಮಾಡಿದೆ. ರಸೀತಿಗಳ ಮೇಲೆ ಅವರ ಸಹಿಯನ್ನೂ ನಾನೇ — ಹೌದು, ನಾನೇ ಹಾಕಿದೆ. ಮೂರು ವರ್ಷ ಹೀಗೆ ನಡೆಯಿತು.

ಅಕ್ಕನ ಹೆಸರಿನ ಬಾಡಿಗೆಯ ಲೆಕ್ಕ ಕೇಳಿ ಇಲಾಖೆ ಕಳಿಸಿದ ಇಮೇಲುಗಳು ನನಗೆ ಬಂದವು. ಆಮೇಲೆ ನೋಡೋಣ, ಆಮೇಲೆ ನೋಡೋಣ ಎಂದು ತೆರೆಯಲೇ ಇಲ್ಲ. ಕೊನೆಗೆ ಅಂಚೆಯಲ್ಲಿ ಕಾಗದ ನೇರವಾಗಿ ವಡಾಲದ ನಿಮ್ಮ ಚಾಳಿನ ಮನೆಗೇ ಬಂತು. ನಿನಗಾಗ ಹದಿನೈದೋ ಹದಿನಾರೋ. ಅಮ್ಮನ ಪಕ್ಕದಲ್ಲಿ ಕೂತು ಇಂಗ್ಲಿಷನ್ನು ಓದಿ, ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಹೇಳಿದವಳು ನೀನು. ನೆನಪಿರಬೇಕು.

"ಮಾಷ್ಟ್ರೇ, ಇದ್ರಲ್ಲಿ ಅಂಧೇರಿ ಅಂತ ಉಂಟಂತಲ್ಲ?" ಎಂದರು ಅಕ್ಕ, ನನ್ನನ್ನು ಮನೆಗೆ ಕರೆಸಿಕೊಂಡು. "ನನ್ನ ಹೆಸರಲ್ಲಿ ಮನೆ ಉಂಟಂತೆ, ಬಾಡಿಗೆ ಬರ್ತದಂತೆ. ಪ್ಯಾನ್ ಕಾರ್ಡು ಮಾಡ್ಸಿದ್ದು ಇವ್ರೇ, ಅಶ್ವಿನಿ ಅಪ್ಪ. ಎಲ್ಲೆಲ್ಲಿ ಸೈನ್ ಮಾಡು ಅಂದ್ರೋ ಅಲ್ಲೆಲ್ಲ ಮಾಡಿದ್ದೆ ನಾನು."

ಅವರೇ ಒಂದೊಂದಾಗಿ ಜೋಡಿಸುತ್ತ ಹೋದರು. ನಿನ್ನ ಅಪ್ಪ ಅಂಧೇರಿಯ ಹೋಟೆಲಿನಲ್ಲಿ ಕ್ಯಾಶಿಯರು. ವಾರಕ್ಕೆರಡು ದಿನ, ಕೊನೆಯ ಲೋಕಲ್ ರೈಲು ತಪ್ಪಿತೆಂದು ಅಲ್ಲಿಯೇ ಉಳಿಯುತ್ತಿದ್ದವರು. "ಇವ್ರು ಹೋಗಿ ಆರು ವರ್ಷ ಆಯ್ತಲ್ಲ ಮಾಷ್ಟ್ರೇ. ಈಗ್ಲೂ ಆ ಬಾಡಿಗೆ ಯಾರೋ ತಗೊಳ್ತಾ ಇದ್ದಾರಲ್ಲ? ಯಾರು ಅದು? ಅಲ್ಲಿ ಇವ್ರಿಗೆ... ಬೇರೆ ಸಂಸಾರ ಇತ್ತಾ?"

ಒಂದೇ ಒಂದು ಮಾತು ಸಾಕಿತ್ತು. ಇಲ್ಲ ಅಕ್ಕಾ, ಇದು ನನ್ನ ಕಿತಾಪತಿ — ಅಷ್ಟೇ. ನಾನು ಹೇಳಿದ್ದು ಇದು:

"ಇರಬಹುದು ಅಕ್ಕಾ. ಗಂಡಸರ ವ್ಯವಹಾರ ಯಾರಿಗೆ ಗೊತ್ತಾಗ್ತದೆ? ನೀವು ತಲೆ ಕೆಡಿಸ್ಕೊಳ್ಬೇಡಿ. ನಾನು ಮುಚ್ಚಿಸ್ತೇನೆ."

ಅಲ್ಲಿಗೆ ಹೋಗಿ ನೋಡಿಬರಲೇ ಎಂದು ಕೇಳಿದರು. ಬೇಡ, ಇರುವ ಮರ್ಯಾದೆಯೂ ಹೋಗುತ್ತದೆ ಎಂದೆ. ಯಾರ ಮರ್ಯಾದೆ! ಥೂ, ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ಮುಚ್ಚಿಸಿದೆ. ನಾಲ್ವರಿಂದಲೂ ತಿದ್ದಿದ ರಿಟರ್ನ್ ಹಾಕಿಸಿ ತೆರಿಗೆ ಕಟ್ಟಿಸಿದೆ. ಅಕ್ಕನ ಕಡೆಯಿಂದ, ಈ ಮಾಹಿತಿ ನನ್ನದಲ್ಲ ಎಂದು ಉತ್ತರ ಕಳಿಸಿದೆ. ಅವರಿಗೆ ಒಂದು ಪೈಸೆಯೂ ನಷ್ಟವಾಗಲಿಲ್ಲ. ಇದೊಂದನ್ನೇ ಹಿಡಿದುಕೊಂಡು ಇಷ್ಟು ವರ್ಷ ನೆಮ್ಮದಿಯಾಗಿ ಉಂಡೆ, ತಿಂದೆ. ಸುದ್ದಿ ತಿಳಿಸಿದಾಗ ಅಕ್ಕ ಕೈಮುಗಿದು, "ನಮ್ಮ ಮಾನ ಉಳಿಸಿದ್ರಿ" ಎಂದರು. ನಾನು, ಪರವಾಗಿಲ್ಲ ಎಂದೆ.

ಮುಂದಿನ ಸಲ ನಿಮ್ಮ ಮನೆಗೆ ಬಂದಾಗ ಗೋಡೆಯ ಮೇಲೆ ನಿನ್ನ ಅಪ್ಪನ ಫೋಟೋ ಇರಲಿಲ್ಲ. ಮೊಳೆ ಮಾತ್ರ ಇತ್ತು. ಅಕ್ಕ ಅವರ ಹೆಸರೆತ್ತುವುದನ್ನೇ ಬಿಟ್ಟರು. ಮೊದಲೆಲ್ಲ ಮಾತಿಗೊಮ್ಮೆ "ಇವ್ರು ಹೀಗೆ ಹೇಳ್ತಿದ್ರು" ಎನ್ನುತ್ತಿದ್ದವರು. ನೀನು ಒಮ್ಮೆ ನನ್ನೆದುರಿಗೇ ಅಪ್ಪನನ್ನು ಎಂಥದೋ ಕೆಟ್ಟ ಹಿಂದಿ ಮಾತಿನಿಂದ ಬೈದೆ, ಅಕ್ಕ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಆ ವರ್ಷವೂ ಸಂಘದ ಹಾಲಿನಲ್ಲಿ ಮೈಕು ಹಿಡಿದೆ. ಪ್ಯಾನಿನ ಜೆರಾಕ್ಸ್ ಕೊಡುವಾಗ ಯಾವ ಕೆಲಸಕ್ಕೆಂದು ಅದರ ಮೇಲೆ ಅಡ್ಡಲಾಗಿ ಬರೆದು ಕೊಡಿ, ಪೋರ್ಟಲಿನಲ್ಲಿ ನಿಮ್ಮದೇ ನಂಬರು ಇರಲಿ, ವರ್ಷಕ್ಕೊಮ್ಮೆ ನಿಮ್ಮ ಹೆಸರಿನಲ್ಲಿ ಯಾವ ಆದಾಯ ಕಾಣುತ್ತಿದೆ ಎಂದು ನೀವೇ ತೆರೆದು ನೋಡಿ — ಇಷ್ಟನ್ನು ಹೇಳಬೇಕಾದವನು ನಾನು. ಇದನ್ನು ಮಾತ್ರ ಒಂದು ವರ್ಷವೂ ಹೇಳಲಿಲ್ಲ.

ಹೋದ ತಿಂಗಳು ಅಕ್ಕ ಹೋದರು. ಹದಿಮೂರನೆಯ ದಿನದ ಕಾರ್ಯಕ್ಕೆ ನಾನೂ ಬಂದಿದ್ದೆ. ಹೋದವರಿಗೆ ಹೆಸರು ಹೇಳಿ ಬಾಳೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿಯ ಕ್ರಮ, ಗಂಡ ಮೊದಲೇ ಹೋಗಿದ್ದರೆ ಪಕ್ಕದಲ್ಲಿ ಅವನಿಗೂ ಒಂದು. ನಿನ್ನ ಸೋದರಮಾವ ಎರಡನೆಯ ಎಲೆ ಬಿಡಿಸುತ್ತ, "ಅಪ್ಪನ ಹೆಸರು ಹೇಳು ಮಗಾ" ಎಂದರು.

ನೀನು ಆ ಎಲೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಮಡಚಿದೆ.

"ಬೇಡ ಮಾಮಾ. ಮಮ್ಮಿ ಅಕೇಲಿ ಜಾಯೇಗಿ. ಒಬ್ಳೇ ಹೋಗ್ಲಿ."

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಎದ್ದು ನಿಲ್ಲಬಹುದಿತ್ತು. ಆಮೇಲೆ ನಿನ್ನ ಕೈಯಿಂದಲೇ ಪಾಯಸ ಬಡಿಸಿಕೊಂಡು, ಉಂಡು, ಕೈ ತೊಳೆದು ಬಂದೆ.

ನಿನ್ನ ಅಪ್ಪ ಉಳಿಯುತ್ತಿದ್ದದ್ದು ಹೋಟೆಲಿನ ಅಟ್ಟದ ಮೇಲೆ, ಅಕ್ಕಿ ಮೂಟೆಗಳ ಸಂದಿಯಲ್ಲಿ. ಅವರ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರನ್ನು ಮೊನ್ನೆ ಹುಡುಕಿ ಕೇಳಿಕೊಂಡು ಬಂದೆ. ಎಂಟು ವರ್ಷದ ಹಿಂದೆ ಕೇಳಿದ್ದರೂ ಅವರು ಇದನ್ನೇ ಹೇಳುತ್ತಿದ್ದರು. ನಾನು ಸಹಿ ಹಾಕಿದ ರಸೀತಿಗಳ ಪ್ರತಿಗಳನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ಕೊಡು, ಎಲ್ಲಿಗೆ ಬೇಕಾದರೂ ಒಯ್ಯಿ. ಕ್ಷಮಿಸು ಎಂದು ಬರೆಯಲಾರೆ. ನಿಮ್ಮಿಂದ ತೆಗೆದುಕೊಂಡದ್ದೇ ಹೆಚ್ಚಾಯಿತು, ಮತ್ತೆ ಅದನ್ನೂ ಕೇಳುವುದೇ?

ಅಕ್ಕನ ವರ್ಷದ ಕಾರ್ಯಕ್ಕೆ ನೀನು ಬರಗೊಟ್ಟರೆ ಬರುತ್ತೇನೆ. ಅದೇ ಜನರೆದುರು ನಿಂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಬರಗೊಡದಿದ್ದರೆ ಸಂಘದ ಹಾಲಿನಲ್ಲಿ ಹೇಳುತ್ತೇನೆ. ನೀನು ಕೇಳುತ್ತೀಯ, ನಿನ್ನ ಮಾವ ಕೇಳುತ್ತಾರೆ, ಊರೆಲ್ಲ ಕೇಳುತ್ತದೆ. ಕೇಳಬೇಕಾಗಿದ್ದವರು ಗಂಡನ ಹೆಸರೆತ್ತದೆಯೇ ಹೋಗಿಬಿಟ್ಟರು.