ಅಜ್ಜಿಗೆ ಹೇಳದೆ ಉಳಿದ ಮಾತು

ಅಮೆರಿಕದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಕನ್ನಡದವರಿಗೆ ನೀಲಕಂಠಪ್ಪ ಗೊತ್ತಿರುವುದು ಪಾರ್ಕಿಂಗ್‌ನಿಂದ. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಜುಬ್ಬಾದ ಮೇಲೆ ಮಿಂಚುವ ಹಳದಿ ಜಾಕೆಟ್ ಹಾಕಿಕೊಂಡು, ಕಾರುಗಳಿಗೆ ಕೈ ಬೀಸಿ ಜಾಗ ತೋರಿಸುವವರು ಅವರೇ. ವೇದಿಕೆ ಹತ್ತಿದವರಲ್ಲ. ಗದಗಿನವರು, ವಯಸ್ಸು ಐವತ್ಮೂರು. ಹ್ಯೂಸ್ಟನ್ನಿನ ತೈಲ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರ್‌ನ ಒಂದು ಕಂಪನಿಯಲ್ಲಿ ಪೈಪ್‌ಲೈನ್ ಎಂಜಿನಿಯರ್. ಹೆಂಡತಿ ಸೌಂದರ್ಯಾ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ತಾಯಿ ಕಮಲವ್ವ ಹನ್ನೆರಡು ವರ್ಷದಿಂದ ಇವರ ಜೊತೆಯಲ್ಲೇ ಇದ್ದಾರೆ. ಮಗಳು ಸಾನ್ವಿ ಒಬ್ಬಳೇ.

ಸಾನ್ವಿ ಹುಟ್ಟುವ ಮುಂಚೆ ಐದು ವರ್ಷ ಈ ದಂಪತಿಗೆ ಮಕ್ಕಳಿರಲಿಲ್ಲ. ಕೊನೆಗೆ ಹ್ಯೂಸ್ಟನ್ನಿನ ವೈದ್ಯರೊಬ್ಬರು ಪರೀಕ್ಷೆಯ ಫಲಿತಾಂಶ ಮುಂದಿಟ್ಟುಕೊಂಡು, "ಚಿಕ್ಕವರಿದ್ದಾಗ ಮಂಗನಬಾವು ಆಗಿತ್ತೇ?" ಎಂದು ಕೇಳಿದರು. ಆಗಿತ್ತು, ಹದಿನಾಲ್ಕನೆಯ ವಯಸ್ಸಿನಲ್ಲಿ, ಜೋರಾಗಿಯೇ. ಆ ಕಾಯಿಲೆಯಿಂದಾಗಿ ತಮ್ಮಿಂದ ಮಗು ಆಗುವುದಿಲ್ಲ ಎಂಬುದು ನೀಲಕಂಠಪ್ಪನವರಿಗೆ ಅಂದು ತಿಳಿಯಿತು. ಬೇರೊಬ್ಬರ ವೀರ್ಯದಿಂದ ಮಗು ಪಡೆಯಬಹುದು ಎಂದರು ವೈದ್ಯರು.

ಒಪ್ಪಲು ಎಂಟು ತಿಂಗಳು ಬೇಕಾಯಿತು. ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಎದುರಾಯಿತು. ವೀರ್ಯ ಬ್ಯಾಂಕಿನ ದಾನಿಗಳಲ್ಲಿ ಎರಡು ತೆರ. ಕೆಲವರು ತಮ್ಮ ಗುರುತು ಎಂದಿಗೂ ಬಿಟ್ಟುಕೊಡುವುದಿಲ್ಲ. ಇನ್ನು ಕೆಲವರು, ಮಗುವಿಗೆ ಹದಿನೆಂಟು ತುಂಬಿ ಅದು ಕೇಳಿದರೆ ತಿಳಿಸಬಹುದು ಎಂದು ಬರೆದುಕೊಟ್ಟಿರುತ್ತಾರೆ. ನೀಲಕಂಠಪ್ಪ ಗುರುತು ಕೊಡದವರೇ ಇರಲಿ ಎಂದರು. ಸೌಂದರ್ಯಾ ಒಪ್ಪಲಿಲ್ಲ.

"ನಾಳೆ ಮಗು ದೊಡ್ಡದಾಗಿ ಕೇಳಿದ್ರ ಏನ್ ಹೇಳೂಣ್ರಿ? ಬಾಗಲಾ ನಾವ ಹಾಕಿ ಬಂದೀವಿ ಅಂತ ಹೇಳೂಣೇನು?"

"ಆತು, ನೀ ಹೇಳಿದಂಗ ಆಗ್ಲಿ. ಆದ್ರ ನಮ್ಮವ್ವಗ ಗೊತ್ತಾಗಬಾರದು," ಎಂದರು ನೀಲಕಂಠಪ್ಪ.

ಸಾನ್ವಿ ಆರು ವರ್ಷದವಳಿದ್ದಾಗ ಸೌಂದರ್ಯಾ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ನೀಲಕಂಠಪ್ಪ ಗರಾಜಿನ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. "ಹಾಗಾದ್ರೆ ಪಪ್ಪಾ ಪಪ್ಪಾನೇ ಅಲ್ವಾ?" ಎಂದಳು ಸಾನ್ವಿ. "ಪಪ್ಪಾನ," ಎಂದಳು ತಾಯಿ. ಮಗು ಸೈಕಲ್ ತೆಗೆದುಕೊಂಡು ಹೊರಗೆ ಓಡಿತು. ಹೀಗೆ ಆ ಮಾತು ಮನೆಯಲ್ಲಿ ಮೂವರಿಗೆ ಗೊತ್ತಿದ್ದು, ಅದೇ ಮನೆಯ ನಾಲ್ಕನೆಯವರಿಗೆ ಗೊತ್ತಿಲ್ಲದೆ ಉಳಿಯಿತು.

ಹದಿನೆಂಟು ತುಂಬಿದ ತಿಂಗಳೇ ಸಾನ್ವಿ ವೀರ್ಯ ಬ್ಯಾಂಕಿಗೆ ಬರೆದಳು. ಮೂರು ವಾರದಲ್ಲಿ ಉತ್ತರ ಬಂತು. ದಾನಿಯ ಹೆಸರು ಪ್ರಭಂಜನ, ಊರು ಮೈಸೂರು. ಆಸ್ಟಿನ್‌ನಲ್ಲಿ ಓದುವಾಗ ಕೊಟ್ಟದ್ದು. ಈಗ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಭೇಟಿಗೆ ಅಡ್ಡಿಯಿಲ್ಲ ಎಂದಿದ್ದರು.

ಆ ವಾರ ನೀಲಕಂಠಪ್ಪನವರಿಗೆ ಊಟ ಸೇರಲಿಲ್ಲ. ಆತ ಎತ್ತರ ಇರಬಹುದು, ಚೆನ್ನಾಗಿ ಮಾತಾಡಬಹುದು, ಒಂದೇ ಮಧ್ಯಾಹ್ನದಲ್ಲಿ ಮಗಳ ಮನಸ್ಸು ಗೆದ್ದುಬಿಡಬಹುದು. ತಾಯಿ-ಮಗಳು ಹೋಗಿ ಬರಲಿ, ತಾವು ಮನೆಯಲ್ಲಿರುವುದು ಎಂದುಕೊಂಡಿದ್ದರು.

ಆದರೆ ಸಾನ್ವಿ ಬಂದು, "ಪಪ್ಪಾ, ನೀವು ಡ್ರೈವ್ ಮಾಡ್ತೀರಾ? ಐ ವಾಂಟ್ ಯೂ ದೇರ್," ಎಂದಳು. ಅವರು ತಲೆಯಾಡಿಸುವಷ್ಟರಲ್ಲಿ ಮುಂದುವರಿಸಿದಳು: "ಇನ್ನೊಂದು. ಎಲ್ಲಿಗೆ ಅಂತ ಅಜ್ಜಿ ಕೇಳ್ತಾಳೆ. ನಾನು ಕಾಲೇಜ್ ಟೂರ್ ಅಂತ ಸುಳ್ಳು ಹೇಳಲ್ಲ. ನೀವು ಹೇಳಿ. ಇಲ್ಲಾಂದ್ರೆ ನಾನೇ ಹೇಳ್ತೀನಿ."

ಗುರುವಾರ ಬೆಳಿಗ್ಗೆ ಕಮಲವ್ವ ಹಿತ್ತಲ ಕಡೆಯ ನೆರಳಲ್ಲಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನೀಲಕಂಠಪ್ಪ ಆಫೀಸಿನ ಮೀಟಿಂಗ್ ಬಿಟ್ಟು ಎದುರಿಗೆ ಕುಳಿತರು.

"ಯವ್ವಾ, ನಿನಗೊಂದು ಮಾತು ಹೇಳೂದೈತಿ."

"ಹೇಳಪಾ."

ಕಲಿತಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ಸಾನ್ವಿ ನನ್ನ ರಕ್ತದಾಕಿ ಅಲ್ಲ. ನನ್ನಿಂದ ಆಗೂದಿಲ್ಲ ಅಂದ್ರು ಡಾಕ್ಟರ್. ಬ್ಯಾರೆಯವರ ಕಡಿಂದ ತಗೊಂಡ್ವಿ. ಶನಿವಾರ ಅವರನ್ನ ನೋಡಾಕ ಹೊಂಟೀವಿ."

ಕಮಲವ್ವನ ಕೈ ನಿಂತಿತು. ಆಮೇಲೆ ಕೇಳಿದರು: "ಮಂಗನಬಾವಿನಿಂದ ಹಿಂಗಾತಂತ ಹೇಳಿದ್ರೇನು?"

ನೀಲಕಂಠಪ್ಪ ಬೆಚ್ಚಿದರು. ಆ ಹೆಸರನ್ನು ಅವರು ಎತ್ತಿರಲೇ ಇಲ್ಲ. "ನಿನಗ ಹೆಂಗ ಗೊತ್ತು?"

"ಗದಗಿನ ಡಾಕ್ಟರ್ ಆವಾಗನ ನನ್ನ ಬಾಜೂಕ ಕರದು ಹೇಳಿದ್ರು. ಈ ಹುಡುಗಗ ಮುಂದ ಮಕ್ಕಳಾಗೂದು ಕಷ್ಟ ಐತಿ ಅಂತ. ನಾ ನಿಮ್ಮಪ್ಪಗೂ ಹೇಳ್ಲಿಲ್ಲ. ಸೌಂದರ್ಯಾನ ಮನಿಯವರಿಗೂ ಹೇಳ್ಲಿಲ್ಲ. ಐದು ವರ್ಷ ಎಲ್ಲಾರೂ ಆಕಿಗೇ ಅಂದ್ರು, ಆಡಿಕೊಂಡ್ರು. ನಾ ಬಾಯಿ ಮುಚ್ಕೊಂಡು ಕುಂತೆ. ಸಾನ್ವಿ ಹುಟ್ಟಿದಾಗ, ಡಾಕ್ಟರ್ ಹೇಳಿದ್ದು ಸುಳ್ಳಾತು ಅಂತ ಸಮಾಧಾನ ಮಾಡ್ಕೊಂಡೆ. ಆದ್ರ ಪೂರಾ ನಂಬಿಕಿ ಬರ್ಲಿಲ್ಲೋ ತಮ್ಮಾ."

ಮೊದಲು ನೀಲಕಂಠಪ್ಪನವರಿಗೆ ಸಿಟ್ಟು ಬಂತು. ಊರಿಗೆ ಹೋದಾಗಲೆಲ್ಲ ಸೌಂದರ್ಯಾ ಕೋಣೆ ಸೇರಿ ಅತ್ತದ್ದು ನೆನಪಾಯಿತು. ಎದ್ದು ಬೇಲಿಯವರೆಗೆ ಹೋಗಿ ನಿಂತರು. ತಿರುಗಿ ನೋಡಿದರೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಒಂದೇ ಅಡಿಗೆಮನೆಯಲ್ಲಿ ಹನ್ನೆರಡು ವರ್ಷ, ಇಬ್ಬರೂ ಒಂದೇ ಮಾತನ್ನು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ರೊಟ್ಟಿ ತಿಂದದ್ದು! ಸಿಟ್ಟು ಉಳಿಯಲಿಲ್ಲ. ಬಂದು ಪಕ್ಕದಲ್ಲಿ ಕುಳಿತರು.

"ಸಾನ್ವಿ ಬಗ್ಗೆ ನಿನ್ನ ಮನಸ್ಸಿನಾಗ ಏನರ..."

"ಹುಚ್ಚದೀಯೇನು? ಆಕಿ ನನ್ನ ಮೊಮ್ಮಗಳು. ಅದರಾಗ ಕೇಳೂದೇನೈತಿ?"

ಸಂಜೆ ಕೆಲಸದಿಂದ ಬಂದ ಸೌಂದರ್ಯಾಳ ಕೈ ಹಿಡಿದು ಕಮಲವ್ವ ತಾವೇ ಎಲ್ಲ ಹೇಳಿದರು, ತಪ್ಪಾತು ಎಂದರು. ಸೌಂದರ್ಯಾ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಸುಮ್ಮನಾಗಲೂ ಇಲ್ಲ. "ಐದು ವರ್ಷ ಅಂದ್ರ ಸಣ್ಣದಲ್ರಿ ಅತ್ತಿ. ನನಗ ಸಿಟ್ಟೈತಿ, ಅದು ಇಳಿಯಾಕ ಟೈಮ್ ಬೇಕು. ಆದ್ರ ನೀವು ಹೇಳಿದ್ದು ಚಲೋ ಆತು. ಎದಿ ಹಗರಾತು."

ನೀವಿಬ್ರ ಹೋಗಿ ಬರ್ರಿ ಎಂದಳು ಸೌಂದರ್ಯಾ. ಶನಿವಾರ ತಂದೆ ಮಗಳು ಇಬ್ಬರೇ ಹೊರಟರು. ನಾಲ್ಕೂವರೆ ಗಂಟೆಯ ದಾರಿ. ಎಲ್‌ಬಿಜೆ ಹೆದ್ದಾರಿಯ ಬದಿಯ ಆಫೀಸುಗಳ ನಡುವಿನ ಒಂದು ಕಾಫಿ ಅಂಗಡಿಯಲ್ಲಿ ಪ್ರಭಂಜನ ಕಾಯುತ್ತಿದ್ದರು. ಎತ್ತರವಿಲ್ಲ. ಮುಂದಲೆ ಬೋಳಾಗಿತ್ತು. ಅದನ್ನು ಕಂಡು ತಮಗೆ ಸಮಾಧಾನವಾಯಿತು ಎಂದು ನೀಲಕಂಠಪ್ಪ ಆಮೇಲೆ ಹೆಂಡತಿಯ ಹತ್ತಿರ ನಾಚಿಕೊಂಡು ಒಪ್ಪಿಕೊಂಡರು. ತಮ್ಮ ಕುಟುಂಬದಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಟೈಪ್ ಮಾಡಿದ ಹಾಳೆಗಳನ್ನು ಹಿಡಿದು ಕುಳಿತಿದ್ದ ಆ ಮನುಷ್ಯ ಇವರನ್ನು ಕಂಡು ಎದ್ದು ನಿಂತರು.

"ಸಾರ್, ನಿಮ್ಮನ್ನ ನೋಡಿ ಜೀವ ಬಂತು," ಎಂದರು ಪ್ರಭಂಜನ. "ಅವಳೊಬ್ಬಳೇ ಬಂದು, ಮನೇಲಿ ಬೇಡ ಅಂದ್ರು, ಹೇಳದೆ ಬಂದೆ ಅಂದಿದ್ರೆ ನಾನು ಏನು ಮಾಡ್ತಿದ್ನೋ. ಮದುವೆಗೆ ಮುಂಚೇನೇ ನನ್ನ ಹೆಂಡತಿ ಕೋಕಿಲಾಗೆ ಹೇಳಿದ್ದೆ, ಒಂದಿನ ಯಾರಾದ್ರೂ ಬರಬಹುದು ಅಂತ. ಎಲ್ಲೋ ಒಂದು ಮಗು ನಾನು ಯಾರು ಅಂತ ಯೋಚಿಸ್ತಾ ಕೂರೋದು ಸರಿ ಅನ್ನಿಸಲಿಲ್ಲ. ಅದಕ್ಕೇ ಹೆಸರು ಕೊಡೋಕೆ ಒಪ್ಪಿದ್ದು. ಆದ್ರೆ ಭಯಾನೂ ಇತ್ತು ಸಾರ್. ಬಂದು ಅಪ್ಪ ಅಂದುಬಿಟ್ರೆ? ಅದು ನನ್ನ ಕೈಲಿ ಆಗೋ ಕೆಲಸ ಅಲ್ಲ."

"ನೋ, ನೋ," ಎಂದು ಸಾನ್ವಿ ಜೋರಾಗಿ ನಕ್ಕಳು. "ಐ ಹ್ಯಾವ್ ಒನ್. ನಿಮಗೆ ಅಂಕಲ್ ಅಂತೀನಿ, ಓಕೆ?"

ಆಮೇಲೆ ಅವಳು ತನ್ನ ಪ್ರಶ್ನೆಗಳನ್ನು ಕೇಳಿದಳು. ಬಿಸಿಲಿಗೆ ಬಂದ ಕೂಡಲೇ ನಿಮಗೂ ಸೀನು ಬರುತ್ತದೆಯೇ? ಬರುತ್ತದೆ, ನನ್ನ ಅಮ್ಮನಿಗೂ ಬರುತ್ತದೆ ಎಂದರು ಪ್ರಭಂಜನ. ಸಾನ್ವಿ ಮೇಜು ತಟ್ಟಿದಳು. ಮಗಳ ಆ ಸಂತೋಷವನ್ನು ನೋಡುತ್ತಾ ಕುಳಿತ ನೀಲಕಂಠಪ್ಪನವರಿಗೆ, ಇದರಲ್ಲಿ ತಾವು ಕಳೆದುಕೊಳ್ಳುವುದು ಏನೂ ಇಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು. ಹಸಿವಾಯಿತು. ಎದ್ದು ಹೋಗಿ ಎರಡು ಸ್ಯಾಂಡ್‌ವಿಚ್ ತಂದುಕೊಂಡು ಎರಡನ್ನೂ ತಾವೇ ತಿಂದರು.

ಜೂನ್‌ನಲ್ಲಿ ಪ್ರಭಂಜನ, ಕೋಕಿಲಾ ಶುಗರ್ ಲ್ಯಾಂಡಿಗೆ ಊಟಕ್ಕೆ ಬಂದರು. ಕರೆದವರು ಕಮಲವ್ವ. ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಪಕ್ಕದ ಬೀದಿಯ ಗೋದಾವರಿ ಆಂಟಿ ಏನೋ ಪಾತ್ರೆ ಹಿಂದಿರುಗಿಸಲು ಬಂದರು. ಹೊಸಬರನ್ನು ನೋಡಿ, "ಯಾರ್ರಿ ಇವ್ರು? ನಿಮ್ಮ ಸಂಬಂಧಿಕರಾ?" ಎಂದು ಕೇಳಿದರು.

ಸೌಂದರ್ಯಾ ಗಂಡನ ಮುಖ ನೋಡಿದಳು. ನೀಲಕಂಠಪ್ಪ ಬಾಯಿ ತೆರೆಯುವ ಮೊದಲೇ ಕಮಲವ್ವ ಹೇಳಿದರು: "ನಮ್ಮ ಸಾನ್ವಿ ಹುಟ್ಟಾಕ ನೆರವಾದವರು. ನಮ್ಮ ನೀಲಕಂಠಗ ಮಕ್ಕಳಾಗೂದಿಲ್ಲ ಅಂದಿದ್ರು, ಇವರಿಂದ ಆತು. ನೀ ಯಾಕ ನಿಂತೀ? ಕುಂಡ್ರು, ಬಿಸಿ ರೊಟ್ಟಿ ಐತಿ."

ಗೋದಾವರಿ ಆಂಟಿ ಪಾತ್ರೆ ಕೆಳಗಿಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ಪ್ರಭಂಜನ ಅವರ ಪಕ್ಕದಲ್ಲಿ ಕುಳಿತು, ಮೈಸೂರಿನಲ್ಲಿ ಯಾವ ಬಡಾವಣೆ ಎಂದು ವಿಚಾರಿಸತೊಡಗಿದರು. ನೀಲಕಂಠಪ್ಪ ಎದ್ದು ಆಂಟಿಯ ಮುಂದೊಂದು ತಟ್ಟೆ ಇಟ್ಟರು.